ಮಂಡಿ ಊದಿದರೆ ಎಣ್ಣೆ ತಿಕ್ಕೋಕೆ ಮುಂಚೆ ಒಂದು ಎಕ್ಸ್-ರೇ ತೆಗೆಸಿ

ಮಕ್ಕಳ ಮಂಡಿ ನೋವಿಗೆ ನಮ್ಮ ಕಡೆ ಎಲ್ಲರ ಹತ್ತಿರವೂ ಮದ್ದಿದೆ. ಮೊದಲು ನೀಲಗಿರಿ ಎಣ್ಣೆ, ಆಮೇಲೆ ಬಿಸಿ ಉಪ್ಪಿನ ಶಾಖ, ಅದಕ್ಕೂ ಬಗ್ಗದಿದ್ದರೆ ಉಳುಕು ತೆಗೆಯುವವರ ಮನೆ. ಬೇಲೂರು ಕಡೆ ಇರುವ ನಮ್ಮಕ್ಕನ ಮಗನಿಗೂ ಇದೆಲ್ಲ ಆಯಿತು. ಹೈಸ್ಕೂಲ್ ಹುಡುಗ, ವಾಲಿಬಾಲ್ ಹುಚ್ಚು, ಎಲ್ಲೋ ಬಿದ್ದಿರಬೇಕು ಅಂತ ಮನೆಯಲ್ಲಿ ಸುಮ್ಮನಿದ್ದರು. ಆದರೆ ಆಡಿ ಬಂದ ನೋವು ಮಲಗಿದರೆ ಇಳಿಯಬೇಕು ಅಲ್ವಾ? ಇವನಿಗೆ ರಾತ್ರಿಯೇ ಜಾಸ್ತಿ. ನಿದ್ದೆಯಲ್ಲಿ ಎದ್ದು ಕಾಲು ಹಿಡಿದುಕೊಂಡು ಕೂರುತ್ತಿದ್ದ. ಮಂಡಿಯ ಮೇಲ್ಭಾಗ ಊದಿತ್ತು, ಮುಟ್ಟಿದರೆ ಗಟ್ಟಿ.

ಹಾಸನದಲ್ಲಿ ಎಕ್ಸ್-ರೇ ಆಯಿತು. ಮೂಳೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೊಡೆಮೂಳೆಯ ಕೆಳತುದಿ ತೋರಿಸಿದರು. ನುಣ್ಣಗೆ ಇರಬೇಕಾದ ಅಂಚು ಕಿತ್ತುಹೋಗಿ, ಸಣ್ಣ ಸಣ್ಣ ಬಿಳಿ ಗೆರೆಗಳು ಮಾಂಸದೊಳಕ್ಕೆ ಚಾಚಿಕೊಂಡಿದ್ದವು. ಆಸ್ಟಿಯೋಸಾರ್ಕೋಮ, ಅಂದರೆ ಒಂದು ಬಗೆಯ ಮೂಳೆ ಕ್ಯಾನ್ಸರ್ ಇರಬಹುದು ಅಂದರು.

ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್ ಅಪರೂಪ. ದೊಡ್ಡವರ ಮೂಳೆಯಲ್ಲಿ ಕಾಣಿಸುವುದು ಹೆಚ್ಚಾಗಿ ಸ್ತನ, ಪ್ರಾಸ್ಟೇಟ್, ಶ್ವಾಸಕೋಶದಿಂದ ಹರಡಿದ್ದು. ಅದರ ಚಿಕಿತ್ಸೆಯೇ ಬೇರೆ. ಆಸ್ಟಿಯೋಸಾರ್ಕೋಮ ಮಾತ್ರ ಮಕ್ಕಳು ದಿಢೀರನೆ ಎತ್ತರ ಆಗುವ ವಯಸ್ಸಿನಲ್ಲಿ, ಮೂಳೆ ಬೇಗ ಬೆಳೆಯುವ ಮಂಡಿಯ ಹತ್ತಿರವೇ ಜಾಸ್ತಿ ಬರುತ್ತದೆ. ಯೂಯಿಂಗ್ ಸಾರ್ಕೋಮ ಅಂತ ಇನ್ನೊಂದಿದೆ, ಅದರಲ್ಲಿ ಜ್ವರವೂ ಬರಬಹುದು, ಅದಕ್ಕೇ ಕೀವಾಗಿದೆ ಅಂತ ಎಷ್ಟೋ ಸಲ ದಾರಿ ತಪ್ಪುತ್ತದೆ. ಬಿದ್ದಿದ್ದಕ್ಕೆ ಕ್ಯಾನ್ಸರ್ ಬರುವುದಿಲ್ಲ. ಬಿದ್ದಾಗ ಆ ಕಡೆ ಗಮನ ಹೋಗುತ್ತದೆ, ಅಷ್ಟೇ. ವಾಲಿಬಾಲ್ ಆಡೋಕೆ ಬಿಟ್ಟಿದ್ದೇ ತಪ್ಪು ಅಂತ ಅಕ್ಕನನ್ನು ಹಂಗಿಸಿದ ನೆಂಟರು ಇದನ್ನು ಎರಡು ಸಲ ಓದಲಿ.

ನಾನು ಇಷ್ಟೆಲ್ಲ ಬರೆಯುತ್ತಿರುವುದು ಮುಖ್ಯವಾಗಿ ಬಯಾಪ್ಸಿ ವಿಷಯಕ್ಕೆ. ಒಂದು ನರ್ಸಿಂಗ್ ಹೋಮಿನಲ್ಲಿ, ಇಲ್ಲೇ ಕೊಯ್ದು ಒಂದು ತುಂಡು ತೆಗೆದು ಕಳಿಸೋಣ, ನಾಳೆಯೇ ಬನ್ನಿ ಅಂದಿದ್ದರು. ಅಕ್ಕ ಒಪ್ಪಿಬಿಡುತ್ತಿದ್ದಳು. ತಡೆದಿದ್ದು ಹಾಸನದ ಆ ಮೂಳೆ ಡಾಕ್ಟರೇ. ಸೂಜಿ ಹೋದ ದಾರಿಯಲ್ಲೂ ಕ್ಯಾನ್ಸರ್ ಕಣ ಉಳಿದಿರಬಹುದು, ಆಪರೇಷನ್ನಿನಲ್ಲಿ ಗೆಡ್ಡೆಯ ಜೊತೆ ಆ ದಾರಿಯನ್ನೂ ಕತ್ತರಿಸಿ ತೆಗೆಯಬೇಕು. ಎಲ್ಲೆಲ್ಲೋ ಚುಚ್ಚಿದ್ದರೆ ಉಳಿಯಬಹುದಾದ ಕಾಲನ್ನೂ ಕಳೆದುಕೊಳ್ಳಬೇಕಾಗಬಹುದು. ಹಾಗಾಗಿ ಆಪರೇಷನ್ ಮಾಡುವ ತಂಡವೇ ಬಯಾಪ್ಸಿಯನ್ನೂ ಮಾಡಬೇಕು. ಅದಕ್ಕೂ ಮುಂಚೆ ಎಂಆರ್‌ಐ ಮುಗಿದಿರಬೇಕು. ಎದೆಯ ಸಿಟಿ ಸ್ಕ್ಯಾನ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಈ ಕಾಯಿಲೆ ಹರಡಿದರೆ ಮೊದಲು ಹೋಗುವುದು ಶ್ವಾಸಕೋಶಕ್ಕೆ, ಅದಕ್ಕೆ.

ಬೆಂಗಳೂರಿನಲ್ಲಿ ಮೊದಲು ಕಿಮೋ, ಆಮೇಲೆ ಆಪರೇಷನ್, ಮತ್ತೆ ಕಿಮೋ. ಗೆಡ್ಡೆ ಇಟ್ಟುಕೊಂಡು ಯಾಕೆ ಕಾಯಬೇಕು ಅಂತ ಭಾವ ಸಿಟ್ಟಾಗಿದ್ದರು. ಕಣ್ಣಿಗೆ ಕಾಣದ ಕ್ಯಾನ್ಸರ್ ಕಣಗಳು ಆಗಲೇ ರಕ್ತದಲ್ಲಿ ಓಡಾಡುತ್ತಿರುತ್ತವೆ ಎಂದೇ ಲೆಕ್ಕ, ಅವನ್ನು ಕೊಲ್ಲೋಕೆ ಕಿಮೋ. 1970ರ ದಶಕಕ್ಕೆ ಮುಂಚೆ ಕಾಲು ತೆಗೆದು ಮನೆಗೆ ಕಳಿಸುತ್ತಿದ್ದರು, ಆದರೂ 100ಕ್ಕೆ 20 ಮಂದಿಯೂ ಉಳಿಯುತ್ತಿರಲಿಲ್ಲ. ಕಿಮೋ ಬಂದ ಮೇಲೆ, ಹರಡುವ ಮುಂಚೆ ಸಿಕ್ಕಿದವರಲ್ಲಿ 100ಕ್ಕೆ 60-70 ಮಂದಿ 5 ವರ್ಷ ದಾಟುತ್ತಾರೆ. ತೆಗೆದ ಗೆಡ್ಡೆಯನ್ನು ಲ್ಯಾಬಿನಲ್ಲಿ ನೋಡಿ ಕಿಮೋಗೆ ಎಷ್ಟು ಭಾಗ ಸತ್ತಿದೆ ಅಂತ ಹೇಳುತ್ತಾರೆ. ಶೇಕಡಾ 90 ದಾಟಿದರೆ ಒಳ್ಳೆಯ ಸುದ್ದಿ. ಇವನದು ದಾಟಿತ್ತು.

ಕಿಮೋ ಸುಲಭ ಅಂತ ನಾನು ಹೇಳುವುದಿಲ್ಲ. ಡಾಕ್ಸೋರುಬಿಸಿನ್ ಅನ್ನೋದು ಕೆಂಪು ಬಣ್ಣದ ಔಷಧಿ, ಹಾಕಿದ ದಿನ ಮೂತ್ರವೂ ಕೆಂಪಗೆ ಹೋಗುತ್ತದೆ. ಅಕ್ಕ ರಕ್ತ ಅಂದುಕೊಂಡು ಕಿರುಚಿಕೊಂಡಳು. "ಔಷಧಿ ಬಣ್ಣ ಕಣಮ್ಮಾ, ಹೆದರಬೇಡಿ" ಅಂತ ನರ್ಸ್ ಬಂದು ಸಮಾಧಾನ ಮಾಡಿದರು. ಸಿಸ್ಪ್ಲಾಟಿನ್ ಅನ್ನೋ ಇನ್ನೊಂದು ಕಿಮೋ ಔಷಧಿ ಕೊಟ್ಟಾಗ ಮಾತ್ರ ಹುಡುಗ ವಾಂತಿಯಲ್ಲಿ ನೆಲ ಹಿಡಿದುಬಿಟ್ಟ, ಒಗ್ಗರಣೆ ವಾಸನೆ ಬಂದರೂ ಆಗುತ್ತಿರಲಿಲ್ಲ. ಕಿಮೋದಿಂದ ಸೋಂಕು ತಡೆಯುವ ಬಿಳಿ ರಕ್ತಕಣ ಇಳಿದಾಗ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು.

ಕಾಲು ಉಳಿಯಿತು. ಕೆಟ್ಟ ಮೂಳೆ, ಮಂಡಿ ಎರಡನ್ನೂ ತೆಗೆದು ಲೋಹದ ಕೀಲು ಕೂರಿಸಿದ್ದಾರೆ. ಎಲ್ಲರಿಗೂ ಹೀಗಾಗುವುದಿಲ್ಲ, ದೊಡ್ಡ ರಕ್ತನಾಳ, ನರ ಎಲ್ಲ ಗೆಡ್ಡೆಯೊಳಗೆ ಸಿಕ್ಕಿಕೊಂಡಿದ್ದರೆ ಕಾಲು ತೆಗೆಯುವುದೇ ಸರಿ. ಕೃತಕ ಕಾಲು ಹಾಕಿಕೊಂಡು ಓಡುವವರೂ ಇದ್ದಾರೆ. ಇದೇ ಕಾಯಿಲೆಗೆ 1977ರಲ್ಲಿ ಕಾಲು ಕಳೆದುಕೊಂಡ ಕೆನಡಾದ ಟೆರ್ರಿ ಫಾಕ್ಸ್ 1980ರಲ್ಲಿ ಕೃತಕ ಕಾಲಿನಲ್ಲೇ 5,000 ಕಿಲೋಮೀಟರಿಗಿಂತ ಜಾಸ್ತಿ ಓಡಿದ. ಕೊನೆಗೆ ಕಾಯಿಲೆ ಶ್ವಾಸಕೋಶಕ್ಕೆ ಹೋಗಿ 1981ರಲ್ಲಿ ತೀರಿಕೊಂಡ, ಅದನ್ನೂ ಹೇಳಬೇಕು. ಅದಕ್ಕೇ ಚಿಕಿತ್ಸೆ ಮುಗಿದ ಮೇಲೂ ಎದೆಯ ತಪಾಸಣೆ ವರ್ಷಗಟ್ಟಲೆ ನಡೆಯುತ್ತದೆ. ನಮ್ಮ ಹುಡುಗನಿಗೂ ನಡೆಯುತ್ತಿದೆ.

ದುಡ್ಡಿನ ವಿಷಯ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಬೆಂಗಳೂರಿನ ಬಸ್ಸು ಹತ್ತುವ ಮುಂಚೆ ಜಿಲ್ಲಾ ಆಸ್ಪತ್ರೆಯಲ್ಲಿ ರೆಫರಲ್ ಚೀಟಿ ಕೇಳಿ ಬರೆಸಿಕೊಳ್ಳಿ. ಎಕ್ಸ್-ರೇ ಫಿಲ್ಮು, ಎಂಆರ್‌ಐ ಸಿ.ಡಿ., ಆಧಾರ್, ರೇಷನ್ ಕಾರ್ಡು ಎಲ್ಲ ಒಂದೇ ಚೀಲದಲ್ಲಿರಲಿ. ಬಯಾಪ್ಸಿ ಆದಮೇಲೆ ಅದರ ಗಾಜಿನ ಸ್ಲೈಡು, ತುಂಡನ್ನು ಮೇಣದಲ್ಲಿ ಕೂರಿಸಿದ ಬ್ಲಾಕನ್ನೂ ಕೇಳಿ ಇಸ್ಕೊಳ್ಳಿ, ಬೇರೆ ಆಸ್ಪತ್ರೆಯಲ್ಲಿ ಇನ್ನೊಂದು ಅಭಿಪ್ರಾಯ ಕೇಳಬೇಕಾದರೆ ಬರೀ ರಿಪೋರ್ಟು ಸಾಕಾಗುವುದಿಲ್ಲ.