ನಡುಕ ಒಮ್ಮೆಲೇ ಹೆಚ್ಚಾದರೆ ಮೊದಲು ಮೂತ್ರ ನೋಡಿಸಿ

"ಮುತ್ಯಾಗ ಮೊನ್ನಿಯಿಂದ ಎದ್ದು ಕೂಡಲಾಕ ಬರವಲ್ದು, ಗುಳಿಗಿ ಹೆಚ್ಚು ಮಾಡಾದೇನ್ರಿ ಸರ್?"

ನಡುಕ, ಬಿಗಿತ ತರುವ ಮಿದುಳಿನ ಕಾಯಿಲೆ ಪಾರ್ಕಿನ್ಸನ್ ಇರುವ ಹಿರಿಯರ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಈ ಪ್ರಶ್ನೆ ಏಳುತ್ತದೆ. ತಾವಾಗಿ ಹೆಚ್ಚು ಮಾಡಬೇಡಿ. ಪಾರ್ಕಿನ್ಸನ್ ಬೆಳೆಯುವುದು ತಿಂಗಳು, ವರ್ಷಗಳ ಲೆಕ್ಕದಲ್ಲಿ. ನಡೆದಾಡುತ್ತಿದ್ದವರು ಎರಡೇ ದಿನದಲ್ಲಿ ಹಾಸಿಗೆ ಹಿಡಿದರೆ ಮೈಯಲ್ಲಿ ಎಲ್ಲೋ ಸೋಂಕು ಕೂತಿದೆಯೇ ಎಂದು ಮೊದಲು ನೋಡಬೇಕು. ಸುರಪುರದಿಂದಲೋ ಔರಾದಿನಿಂದಲೋ ಹೈದರಾಬಾದಿಗೆ ಗಾಡಿ ಮಾಡುವ ಮುಂಚೆ, ಹತ್ತಿರದ ಲ್ಯಾಬಿನ ಮೂತ್ರ ಪರೀಕ್ಷೆಯಲ್ಲೇ ಕಾರಣ ಸಿಕ್ಕಿಬಿಡಬಹುದು.

ಮೂತ್ರಕೋಶದ ಸೋಂಕಿಗೂ ಮಿದುಳಿಗೂ ಏನು ಸಂಬಂಧ ಅನ್ನಿಸುವುದು ಸಹಜ. ಮಿದುಳಿಗೆ ತನ್ನದೇ ಕಾವಲು ಕೋಶಗಳಿವೆ, ಮೈಕ್ರೋಗ್ಲಿಯಾ ಎಂದು ಹೆಸರು. ಸತ್ತ ಕೋಶದ ಚೂರು, ಕೆಟ್ಟ ಪ್ರೋಟೀನು ನುಂಗಿ ಜಾಗ ಸ್ವಚ್ಛ ಇಡುವುದು ಅವುಗಳ ಕೆಲಸ. ಪಾರ್ಕಿನ್ಸನ್‌ನಲ್ಲಿ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನು ಸರಿಯಾಗಿ ಮಡಿಚಿಕೊಳ್ಳದೆ ಗಂಟುಗಟ್ಟುತ್ತದೆ, ಮೈಯ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳು ಒಂದೊಂದಾಗಿ ಸಾಯುತ್ತವೆ. ಅದನ್ನು ಕಂಡು ಮೈಕ್ರೋಗ್ಲಿಯಾ ಕೆರಳುತ್ತವೆ, ಕೆರಳಿದ್ದು ತಣಿಯುವುದಿಲ್ಲ. ಹೀಗೆ ಮೊದಲೇ ಕಾದು ಕೂತ ಮಿದುಳಿಗೆ, ಮೂತ್ರಕೋಶದ ಸೋಂಕಿನಿಂದ ಹೊರಟ ಉರಿಯೂತದ ರಾಸಾಯನಿಕಗಳು ರಕ್ತದ ಮೂಲಕ ಸಂದೇಶ ಮುಟ್ಟಿಸುತ್ತವೆ. ಬೂದಿಯಡಿಯ ಕೆಂಡಕ್ಕೆ ಗಾಳಿ ಊದಿದಂತೆ. ಜೊತೆಗೆ ಜ್ವರ, ನಿರ್ಜಲೀಕರಣದಿಂದ ಹೊಟ್ಟೆಯ ಚಲನೆ ನಿಧಾನವಾಗಿ, ಸಣ್ಣ ಕರುಳಿನಲ್ಲಿ ಹೀರಿಕೆಯಾಗಬೇಕಾದ ಲೆವೊಡೋಪಾ (ಪಾರ್ಕಿನ್ಸನ್ನಿನ ಮುಖ್ಯ ಔಷಧ) ಮಾತ್ರೆ ಅಲ್ಲಿಗೆ ಹೊತ್ತಿಗೆ ತಲುಪುವುದೇ ಇಲ್ಲ.

ಈ ಉರಿ ಎಷ್ಟು ಹಠಮಾರಿ ಎಂಬುದಕ್ಕೆ ಒಂದು ಸಾಕ್ಷ್ಯವಿದೆ. 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಂಪಿಟಿಪಿ ಎಂಬ ವಿಷ ಬೆರೆತ ಮಾದಕವಸ್ತು ಚುಚ್ಚಿಕೊಂಡ ಕೆಲ ಯುವಕರಿಗೆ ದಿನಗಳಲ್ಲೇ ಪಾರ್ಕಿನ್ಸನ್‌ನಂಥ ಸ್ಥಿತಿ ಬಂತು. ಅವರಲ್ಲಿ ಮೂವರು ತೀರಿಕೊಂಡ ಮೇಲೆ ಮಿದುಳನ್ನು ಪರೀಕ್ಷಿಸಿ 1999ರಲ್ಲಿ ವರದಿ ಮಾಡಿದರು. ವಿಷ ಒಳಹೊಕ್ಕು 3ರಿಂದ 16 ವರ್ಷ ಕಳೆದಿದ್ದರೂ ಮೈಕ್ರೋಗ್ಲಿಯಾ ಇನ್ನೂ ಕೆರಳಿಯೇ ಇದ್ದವು. 2017ರಲ್ಲಿ ಇನ್ನೊಂದು ಸಂಗತಿ ಸೇರಿತು: ಕೆಲವು ರೋಗಿಗಳ ರಕ್ತದಲ್ಲಿನ ರೋಗನಿರೋಧಕ ಟಿ ಕೋಶಗಳು ಆಲ್ಫಾ-ಸಿನ್ಯೂಕ್ಲಿನ್ ತುಣುಕುಗಳನ್ನೇ ಪರಕೀಯ ಎಂದು ಗುರುತಿಸುತ್ತಿದ್ದವು. ಆಲ್ಝೈಮರ್‌ನಲ್ಲೂ ಇದೇ ಸುಳಿವು ಇದೆ, ಅಲ್ಲಿ ಕೆಲವು ರೂಪಗಳಲ್ಲಿ ಅಪಾಯ ಹೆಚ್ಚಿಸುವ ಟ್ರೆಮ್2 ಎಂಬ ಜೀನು ಕೆಲಸ ಮಾಡುವುದು ಮೈಕ್ರೋಗ್ಲಿಯಾದಲ್ಲೇ.

ಆದ್ದರಿಂದ ಇಮ್ಯುನಿಟಿ ಹೆಚ್ಚಿಸುತ್ತದೆ ಎಂದು ಮಾರುವ ಪುಡಿ, ಕಷಾಯಕ್ಕೆ ದುಡ್ಡು ಸುರಿಯಬೇಡಿ. ಇಲ್ಲಿ ಕೊರತೆ ರೋಗನಿರೋಧಕ ಬಲದ್ದಲ್ಲ, ತೊಂದರೆ ಅದರ ಕೆರಳಿಕೆಯದ್ದು. ಹಾಗಂತ ಸ್ಟೀರಾಯ್ಡ್, ನೋವಿನ ಮಾತ್ರೆ ನುಂಗಿ ಉರಿ ಆರಿಸುತ್ತೇವೆ ಎನ್ನುವುದೂ ತಪ್ಪು. ಮೈಕ್ರೋಗ್ಲಿಯಾದ ಸ್ವಚ್ಛತೆಯ ಕೆಲಸ ನಿಂತರೂ ನಷ್ಟವೇ. ಐಬುಪ್ರೊಫೆನ್ ನುಂಗುವವರಲ್ಲಿ ಪಾರ್ಕಿನ್ಸನ್ ಸ್ವಲ್ಪ ಕಡಿಮೆ ಎಂದು ಕೆಲವು ಸಮೀಕ್ಷೆಗಳು ಹೇಳಿದ್ದು ನಿಜ, ಆದರೆ ಅದು ಚಿಕಿತ್ಸೆಯ ಪುರಾವೆಯಲ್ಲ. 42 ಡಿಗ್ರಿ ಬಿಸಿಲಲ್ಲಿ ನೀರು ಬತ್ತಿದ ಮುದುಕರ ಕಿಡ್ನಿಗೆ ಆ ಮಾತ್ರೆ ಅಪಾಯ.

ಇನ್ನು ಮೂತ್ರ ಪರೀಕ್ಷೆ. ವಯಸ್ಸಾದವರಿಗೆ ಸೋಂಕಿದ್ದರೂ ಜ್ವರ ಬರದೇ ಇರಬಹುದು, ಮೂತ್ರ ಮಾಡುವಾಗ ಉರಿಯೂ ಇರದಿರಬಹುದು. ಮಂಪರು, ಅಸಂಬದ್ಧ ಮಾತು, ಇಲ್ಲದವರು ಕಾಣುವುದು, ಒಮ್ಮೆಲೇ ಬಿಗಿತ, ಇಷ್ಟೇ ಸೂಚನೆ. ಲ್ಯಾಬಿನಿಂದ ಮುಚ್ಚಳವಿರುವ ಸ್ಟೆರೈಲ್ ಡಬ್ಬಿಯನ್ನೇ ತನ್ನಿ, ಮನೆಯ ಬಾಟಲಿ ಬೇಡ. ಜಾಗ ನೀರಿನಿಂದ ತೊಳೆದು, ಮೊದಲ ಸ್ವಲ್ಪ ಮೂತ್ರ ಬಿಟ್ಟು ನಡುವಿನದ್ದನ್ನು ಹಿಡಿಯಿರಿ. ಎರಡು ಗಂಟೆಯೊಳಗೆ ಕೊಡಲಾಗದಿದ್ದರೆ ಫ್ರಿಜ್ಜಿನಲ್ಲಿಡಿ, ಇಲ್ಲವಾದರೆ ಡಬ್ಬಿಯಲ್ಲೇ ಬ್ಯಾಕ್ಟೀರಿಯಾ ಬೆಳೆದು ವರದಿ ದಾರಿ ತಪ್ಪಿಸುತ್ತದೆ. ರುಟೀನ್ ಜೊತೆ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಪರೀಕ್ಷೆ) ಕೂಡ ಬರೆಸಿ. ಆ್ಯಂಟಿಬಯೋಟಿಕ್‌ನ ಮೊದಲ ಡೋಸಿಗಿಂತ ಮುಂಚೆಯೇ ಸ್ಯಾಂಪಲ್ ಕೊಡಬೇಕು, ಆಮೇಲೆ ಕೊಟ್ಟರೆ ಕಲ್ಚರ್‌ನಲ್ಲಿ ಏನೂ ಬೆಳೆಯದೇ ಹೋಗಬಹುದು. ರಕ್ತದ ಸಿಬಿಸಿ (ರಕ್ತಕಣಗಳ ಎಣಿಕೆ), ಸೋಡಿಯಂ, ಸಕ್ಕರೆ ಅದೇ ದಿನ ಆಗಲಿ. ಕೆಮ್ಮಿದ್ದರೆ ಎದೆಯ ಎಕ್ಸ್‌ರೇ.

ಮೂತ್ರ ಶುದ್ಧವಿದ್ದರೆ ಮಾತ್ರೆ ಚೀಟಿಯತ್ತ ತಿರುಗಿ. ತಲೆಸುತ್ತಿಗೆ ಸಿನ್ನಾರಿಜಿನ್, ವಾಂತಿಗೆ ಮೆಟೊಕ್ಲೊಪ್ರಮೈಡ್, ಗ್ಯಾಸಿಗೆಂದು ಕೊಡುವ ಮಾತ್ರೆಯಲ್ಲಿ ಪ್ಯಾಂಟೊಪ್ರಜೋಲ್ ಜೊತೆ ಸೇರಿರುವ ಲೆವೊಸಲ್ಪಿರೈಡ್, ಇವೆಲ್ಲ ಡೋಪಮಿನ್‌ಗೆ ಅಡ್ಡ ನಿಲ್ಲುತ್ತವೆ. ಕೊನೆಯದ್ದು ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಅತಿ ಸುಲಭಕ್ಕೆ ಸಿಗುತ್ತದೆ, ನನಗೆ ಹೆಚ್ಚು ಆತಂಕ ಅದರದ್ದೇ. ಗೊಂದಲದಲ್ಲಿರುವ ರೋಗಿಗೆ ಹ್ಯಾಲೊಪೆರಿಡಾಲ್ ಎಂಬ ಮನೋರೋಗದ ಔಷಧ ಚುಚ್ಚಿದರೆ ಮೈ ಕಟ್ಟಿಗೆಯಾಗುತ್ತದೆ.

ರಾತ್ರಿ ಏಳಬೇಕಾಗುತ್ತದೆಂದು ಹಿರಿಯರು ನೀರೇ ಕುಡಿಯುವುದಿಲ್ಲ. ಹೃದಯ, ಕಿಡ್ನಿ ತೊಂದರೆಯಿಂದ ನೀರಿಗೆ ಮಿತಿ ಇಲ್ಲದವರಿಗೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಬೇಕು, ಬಹುಪಾಲು ಸಂಜೆ 6ರೊಳಗೆ. ಮಲಬದ್ಧತೆ ಇದ್ದರೆ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಸೋಂಕು ಮರುಕಳಿಸುತ್ತದೆ. ನುಂಗಲು ಕಷ್ಟಪಡುವವರಿಗೆ ಕಡಕ್ ರೊಟ್ಟಿಯ ಒಣ ಚೂರು ಶ್ವಾಸನಾಳಕ್ಕೆ ಜಾರಿ ನ್ಯುಮೋನಿಯಾ ಆಗಬಹುದು, ತೊಗರಿಬ್ಯಾಳಿಯಲ್ಲಿ ನೆನೆಸಿ ಮೆತ್ತಗೆ ಮಾಡಿ, ನೆಟ್ಟಗೆ ಕೂಡಿಸಿ ಉಣಿಸಿ. ಲೆವೊಡೋಪಾ ಮಾತ್ರ ಊಟಕ್ಕೆ ಅರ್ಧ ಗಂಟೆ ಮುಂಚೆ ಆಗಿರಲಿ, ಬೇಳೆಯ ಪ್ರೋಟೀನು ಅದರ ಹೀರಿಕೆಗೆ ಅಡ್ಡಿ.

ಆಸ್ಪತ್ರೆಗೆ ಸೇರಿಸುವುದಾದರೆ ಮನೆಯ ಮಾತ್ರೆಗಳನ್ನೂ, ಗಂಟೆ ಬರೆದ ಚೀಟಿಯನ್ನೂ ಜೊತೆಗೆ ಒಯ್ಯಿರಿ. ಗಲಾಟೆಯಲ್ಲಿ ಲೆವೊಡೋಪಾ ಒಮ್ಮೆಲೇ ನಿಂತರೆ ತೀವ್ರ ಜ್ವರ, ಬಿಗಿತ ಬಂದು ಪ್ರಾಣಕ್ಕೇ ಕುತ್ತಾಗಬಹುದು. ನುಂಗಲು ಆಗದಿದ್ದರೆ ಆ ಮಾತು ಡ್ಯೂಟಿ ಡಾಕ್ಟರಿಗೆ ಮೊದಲ ತಾಸಿನಲ್ಲೇ ಹೇಳಿ, ಮೂಗಿನ ನಳಿಕೆಯಿಂದ ಕೊಡಲು ಬರುತ್ತದೆ.