ಎಷ್ಟೊತ್ತಿಗೊಂದು ಡ್ರಾ?

ದಾವಣಗೆರೆ ಬಸ್ ಸ್ಟ್ಯಾಂಡ್ ಹತ್ತಿರ ನನ್ನ ಸೋದರಮಾವನದು ಒಂದು ಲಾಟರಿ ಟೇಬಲ್ ಇತ್ತು. ಅಂಗಡಿ ಅನ್ನೋಕಾಗಲ್ಲ. ಒಂದು ಪ್ಲೈವುಡ್ ಹಲಗೆ, ಮೇಲೆ ನೀಲಿ ತಾಡಪಾಲು, ಗಾಳಿಗೆ ಹಾರದ ಹಾಗೆ ರಬ್ಬರ್ ಬ್ಯಾಂಡ್ ಹಾಕಿಟ್ಟ ಟಿಕೆಟ್ ಕಟ್ಟುಗಳು, ಅಷ್ಟೇ. ಹೈಸ್ಕೂಲ್ ಬಿಟ್ಟ ಮೇಲೆ ನಾನು ಅಲ್ಲಿ ಕೂರುತ್ತಿದ್ದೆ. ರಿಸಲ್ಟ್ ಹಾಳೆ ನೋಡಿ ನಂಬರ್ ಓದಿ ಹೇಳುವುದು ನನ್ನ ಕೆಲಸ. 2003-04ರ ಮಾತು.

ಹಮಾಲಿ ಕೆಲಸದವರೊಬ್ಬರು ದಿನಾ ಬರುತ್ತಿದ್ದರು. ಒಂದಿನ ಅವರಿಗೆ ನೂರು ರೂಪಾಯಿ ಬಂತು. ನಾನು ಖುಷಿಯಲ್ಲಿ ನೋಟು ಎತ್ತಿಕೊಂಡರೆ ಅವರು ಕೈಯನ್ನೇ ಚಾಚಲಿಲ್ಲ. "ದುಡ್ಡು ಬ್ಯಾಡ ತಮ್ಮಾ, ಟಿಕೇಟೇ ಕೊಡು" ಅಂದರು. ಹತ್ತು ಎಣಿಸಿ ಕೊಟ್ಟೆ. ಅಲ್ಲೇ ಬೀಡಿ ಸೇದುತ್ತಾ ನಿಂತರು. ಕತ್ತಲಾಗುವುದರೊಳಗೆ ಹತ್ತೂ ಹರಿದು ಟೇಬಲ್ ಕೆಳಗೆ ಬಿದ್ದಿದ್ದವು. ಆ ಬಣ್ಣದ ಚೂರುಗಳನ್ನು ಗುಡಿಸುವುದೂ ನನ್ನ ಪಾಲಿನದೇ.

1998ರ ಕೇಂದ್ರ ಕಾನೂನಿನ ಪ್ರಕಾರ ಒಂದು ಲಾಟರಿಗೆ ವಾರಕ್ಕೆ ಒಂದೇ ಡ್ರಾ. ಒಂಟಿ ಅಂಕಿ ಮೇಲೆ ಬಹುಮಾನ ಇಡುವ ಹಾಗೇ ಇಲ್ಲ. ಆದರೆ 'ಒಂದು ಲಾಟರಿಗೆ' ಅಂತ ಇತ್ತು ನೋಡಿ, ಅಲ್ಲೇ ದಾರಿ ಸಿಕ್ಕಿತು. ಬೇರೆ ಬೇರೆ ಹೆಸರಿನ ಲಾಟರಿ ತಂದರಾಯಿತು. ಹೊರರಾಜ್ಯದ ಟಿಕೆಟ್‌ಗಳು ರಾಶಿ ರಾಶಿ ಬರುತ್ತಿದ್ದವು. ಸಂಜೆ ತನಕ ಡ್ರಾ ಮೇಲೆ ಡ್ರಾ. ಒಂಟಿ ಅಂಕಿಯದೂ ರಾಜಾರೋಷವಾಗಿ ನಡೆಯುತ್ತಿತ್ತು. ಹಿಂದೆ ವಾರಕ್ಕೊಂದು ಡ್ರಾ ಇದ್ದಾಗ ಜನ ಟಿಕೆಟ್ ತಗೊಂಡು ಹೋಗಿ ದೇವರ ಫೋಟೋ ಹಿಂದೆ ಇಟ್ಟು ಮರೆತೇಬಿಡುತ್ತಿದ್ದರಂತೆ. ಮಾವ ಹೇಳುತ್ತಿದ್ದ.

2007ರ ಏಪ್ರಿಲ್‌ನಿಂದ ರಾಜ್ಯದಲ್ಲಿ ಲಾಟರಿ ಬಂದ್ ಆಯಿತು. ಆಗ ಮುಖ್ಯಮಂತ್ರಿಯಾಗಿದ್ದ ಕುಮಾರಸ್ವಾಮಿಯವರಿಗೆ ನಮ್ಮ ಮನೆಯಲ್ಲಿ ಬೈಗುಳವೋ ಬೈಗುಳ. ಆ ಹಮಾಲಿಯ ಮನೆಯಲ್ಲಿ ಏನಂದರೋ ಅಂತ ನಾನೂ ಯೋಚಿಸಲಿಲ್ಲ. ಮಾವ ಅದೇ ಹಲಗೆ ಮೇಲೆ ಮೊಬೈಲ್ ಕರೆನ್ಸಿ ಹಾಕೋಕೆ ಶುರು ಮಾಡಿದ. (ಲಾಟರಿ ಹೋದರೂ ಓಸಿ ಚೀಟಿ, ಅಂದರೆ ಮಟ್ಕಾ ಜೂಜು, ಹೋಗಲಿಲ್ಲ. ಅದು ಇನ್ನೊಂದು ಕಥೆ.)

ಇಷ್ಟೆಲ್ಲ ಕಣ್ಣಾರೆ ಕಂಡವನು ನಾನು. ಆದರೂ 2020ರ ಲಾಕ್‌ಡೌನ್‌ನಲ್ಲಿ ಫೋನಿನಲ್ಲಿ ರಮ್ಮಿ ಆಡಿ ಹತ್ತು ವಾರದಲ್ಲಿ 41,000 ರೂಪಾಯಿ ಕಳೆದುಕೊಂಡೆ. ಹೆಂಡತಿಗೆ ಗೊತ್ತಾಗದ ಹಾಗೆ ಬಾತ್‌ರೂಮಿನಲ್ಲಿ ಕೂತು ಆಡುತ್ತಿದ್ದೆ. ಆಟ ಬರದೆ ಸೋತೆ ಅಂತಲ್ಲ. ಕೈಗೆ ಬಂದ 13 ಎಲೆ ಸರಿ ಇಲ್ಲದಿದ್ದರೆ ಮೊದಲೇ ಡ್ರಾಪ್ ಆಗಬೇಕು, ಅಂದರೆ ಆ ಆಟ ಬಿಟ್ಟುಬಿಡಬೇಕು, ಸೋಲು 20 ಪಾಯಿಂಟಿಗೆ ಮುಗಿಯುತ್ತೆ. ಕೂತರೆ 80ರ ತನಕ ಹೋಗುತ್ತೆ. ರಾತ್ರಿ ಒಂಬತ್ತಕ್ಕೆ ನಾನು ಸರಿಯಾಗೇ ಡ್ರಾಪ್ ಮಾಡುತ್ತಿದ್ದೆ. ರಾತ್ರಿ ಒಂದು ಗಂಟೆ ದಾಟಿದ ಮೇಲೆ ಒಂದೂ ಡ್ರಾಪ್ ಇಲ್ಲ.

ಕೊನೆಗೆ ಸಾಲ ಕೇಳೋಕೆ ಅಂತ ಮಾವನ ಹತ್ತಿರ ಹೋದೆ. ಎಲ್ಲ ಹೇಳಿ ಆಪ್ ತೋರಿಸಿದೆ. ಮಾವ ಕನ್ನಡಕ ಏರಿಸಿಕೊಂಡು ಸ್ವಲ್ಪ ಹೊತ್ತು ನೋಡಿದ. ಬೈಯಲಿಲ್ಲ.

"ಎಷ್ಟೊತ್ತಿಗೊಂದು ಡ್ರಾ ಇದು?"

"ಡ್ರಾ ಇಲ್ಲ ಮಾವ, ಆಟ. ಎರಡು-ಮೂರು ನಿಮಿಷಕ್ಕೊಂದು."

"ರಾತ್ರಿ ಎಷ್ಟೊತ್ತಿಗೆ ಮುಚ್ತಾರೆ?"

"ಮುಚ್ಚಲ್ಲ."

"ಅಯ್ಯೋ, ನಾನು ಎಂಟಕ್ಕೆ ತಾಡಪಾಲು ಇಳಿಸ್ತಿದ್ನಲ್ಲೋ" ಅಂದ.

ಎಷ್ಟೊತ್ತಿಗೊಂದು ಅನ್ನುವ ಮಾವನ ಪ್ರಶ್ನೆಯನ್ನು ಕೋರ್ಟಿನಲ್ಲಿ ಯಾರಾದರೂ ಗಟ್ಟಿಯಾಗಿ ಕೇಳಬೇಕಿತ್ತು ಅನ್ನಿಸುತ್ತೆ. ವಾದವೆಲ್ಲ ಕೌಶಲವೋ ಅದೃಷ್ಟವೋ ಅನ್ನುವುದರ ಸುತ್ತಲೇ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1967ರಲ್ಲಿ, ಸಿಕಂದರಾಬಾದಿನ ಒಂದು ಕ್ಲಬ್‌ನ ಕೇಸಿನಲ್ಲಿ. ಕ್ಲಬ್ ಅಂದರೆ ಎದುರಿಗೆ ಮನುಷ್ಯರಿರುತ್ತಾರೆ, ಎಲೆ ಕಲಸಬೇಕು, ಹಂಚಬೇಕು, ಮಧ್ಯೆ ಚಹಾ ಬರುತ್ತೆ. ನನ್ನ ಬಾತ್‌ರೂಮಿಗೆ ಯಾವ ಚಹಾ? 2021ರಲ್ಲಿ ರಾಜ್ಯ ಸರ್ಕಾರ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ಕ್ಕೆ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2023ರ ಅಕ್ಟೋಬರ್‌ನಿಂದ ಕಟ್ಟಿದ ಹಣದ ಮೇಲೆ 28% ಜಿಎಸ್‌ಟಿ ಬಿತ್ತು. ಅಂದರೆ ಸರ್ಕಾರವೂ ಟೇಬಲ್ ಪಕ್ಕ ಒಂದು ಕುರ್ಚಿ ಹಾಕಿಕೊಂಡ ಹಾಗೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾನೂನು ನನಗೆ ಹಿಡಿಸಿದ್ದು ಒಂದೇ ಕಾರಣಕ್ಕೆ. ಕೌಶಲವೋ ಅದೃಷ್ಟವೋ ಅನ್ನುವ ಜಗಳವನ್ನೇ ಅದು ಬದಿಗಿಟ್ಟಿತು. ದುಡ್ಡು ಕಟ್ಟಿ ಆನ್‌ಲೈನ್‌ನಲ್ಲಿ ಆಡಿಸಿದರೆ ತಪ್ಪು. ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ. ಆ ಆಪ್ ಕಂಪನಿಗಳಲ್ಲಿ ಕೆಲಸ ಕಳೆದುಕೊಂಡ ಹುಡುಗರ ಬಗ್ಗೆ ಬೇಜಾರಿದೆ, ನಮ್ಮ ಮನೆಯೂ ಒಮ್ಮೆ ಹಾಗೇ ಕೂತಿತ್ತಲ್ಲ. ಕದ್ದು ಆಡುವವರು ಆಡುತ್ತಾರೆ, ಅದೂ ಗೊತ್ತು. ಆದರೆ ಕ್ರಿಕೆಟ್ ನೋಡುವಾಗ ಓವರಿಗೊಂದು ಸಲ ಕರೆಯುತ್ತಿದ್ದ ಜಾಹೀರಾತು ನಿಂತಿತಲ್ಲ, ನನ್ನಂಥವನಿಗೆ ಅದೇನು ಸಣ್ಣದಲ್ಲ.

ಆ ತಿಂಗಳು ನನಗೊಂದು ಮೆಸೇಜ್ ಬಂತು. ನಿಮ್ಮ ಖಾತೆಯಲ್ಲಿ 11 ರೂಪಾಯಿ ಉಳಿದಿದೆ, ವಾಪಸ್ ತಗೊಳ್ಳಿ ಅಂತ. ಆಪ್ ಮತ್ತೆ ಹಾಕಿಕೊಂಡರೆ ಸಿಗುತ್ತಂತೆ. ಮಾವನಿಗೆ ಹೇಳಿದೆ. "ಒಂದು ಚಾ ಆಗ್ತಿತ್ತಲ್ಲೋ" ಅಂತ ನಕ್ಕು, ಗಲ್ಲಾದಿಂದ ಇಪ್ಪತ್ತು ರೂಪಾಯಿ ತೆಗೆದು, ಎರಡು ಹೇಳಿ ಬಾ ಅಂದ.