ಕರ್ಣದಲ್ಲಿ ತಪ್ಪಿದ 2.4 ಮಿ.ಮೀ.

ಸಿಕ್ಕಿತು! ನನ್ನ ಸಿಎನ್‌ಸಿ ರೌಟರಿನಲ್ಲಿ (ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಮೆಷಿನ್) ಮೂರು ವಾರದಿಂದ ಕಾಡುತ್ತಿದ್ದ ಓರೆ ಎಲ್ಲಿಂದ ಬರುತ್ತಿತ್ತು ಅಂತ ನಿನ್ನೆ ರಾತ್ರಿ ಗೊತ್ತಾಯಿತು. ಮೆಷಿನ್ ಇಳಿಸಿದ್ದು, ವೈರಿಂಗ್, ಸ್ಪಾಯಿಲ್‌ಬೋರ್ಡ್ (ಕೊರೆಯುವ ಹಲಗೆಯ ಅಡಿಗಿಡುವ ಹಲಗೆ) ಮಟ್ಟ ಮಾಡಿದ್ದು ಇಂಥ ಮೆಷಿನ್ ಇರುವವರೆಲ್ಲ ಮಾಡಿರುವ ಕೆಲಸವೇ, ಅದನ್ನು ಬಿಡುತ್ತೇನೆ.

ಮೊದಲ ಆರ್ಡರಿನಲ್ಲೇ ತೊಂದರೆ ಶುರು. 18 ಮಿ.ಮೀ. ಪ್ಲೈವುಡ್‌ನಲ್ಲಿ ಕಪಾಟಿನ ಹಲಗೆಗಳು. ಉದ್ದ, ಅಗಲ ಎರಡೂ ಕರಾರುವಾಕ್ಕು, ಆದರೆ ಜೋಡಿಸಿದರೆ ಬಾಗಿಲು ಕೂರುವುದಿಲ್ಲ. ಮೂಲೆಮಟ್ಟ ಇಟ್ಟರೆ ಸಂದಿಯಲ್ಲಿ ಬೆಳಕು. 800 × 600 ಆಯತದ ನಾಲ್ಕು ಮೂಲೆಗೆ ತೂತು ಕೊರೆದು ಅಳೆದೆ. ಎರಡು ಕರ್ಣವೂ 1000 ಇರಬೇಕು. ಒಂದು 1001.2, ಇನ್ನೊಂದು 998.8.

ಬದಿಗಳು ಸರಿಯಿದ್ದು ಕರ್ಣ ತಪ್ಪಿದರೆ ಸ್ಟೆಪ್ಸ್ (ಒಂದು ಮಿ.ಮೀ.ಗೆ ಮೋಟರ್ ಇಡುವ ಹೆಜ್ಜೆಗಳು) ಲೆಕ್ಕದ ದೋಷವಲ್ಲ, ಗ್ಯಾಂಟ್ರಿಯೇ (ಕೊರೆಯುವ ಬಿಟ್ ಹೊತ್ತು ಹಿಂದೆಮುಂದೆ ಓಡುವ ಅಡ್ಡ ಚೌಕಟ್ಟು) ಓರೆ. 1.2 ಅನ್ನು 1000ದಿಂದ ಗುಣಿಸಿ, 800 × 600ರಿಂದ ಭಾಗಿಸಿದರೆ ಓರೆ ಎಷ್ಟೆಂದು ಸಿಗುತ್ತದೆ: ಪ್ರತಿ ಮಿ.ಮೀ.ಗೆ 0.0025. ಗ್ಯಾಂಟ್ರಿಯನ್ನು ಎರಡೂ ಪಕ್ಕದಿಂದ ಓಡಿಸುವ ನನ್ನ ಎರಡು ವೈ ಸ್ಕ್ರೂಗಳ ನಡುವೆ 1200 ಮಿ.ಮೀ. ಇದೆ. ಅಂದರೆ ಒಂದು ಪಕ್ಕ ಇನ್ನೊಂದಕ್ಕಿಂತ 3 ಮಿ.ಮೀ. ಹಿಂದೆ! ಇಷ್ಟು ದೊಡ್ಡ ತಪ್ಪು ಇಟ್ಟುಕೊಂಡು ಮೆಷಿನ್ ಹೇಗೆ ಸಾಗಿಸಿದರು?

ಮಾರಿದವರಿಗೆ ಫೋನ್ ಮಾಡಿದೆ. "ಸೆಟ್ ಮಾಡೇ ಕಳಿಸಿದೀವಿ ಸರ್, ವಿಡಿಯೊ ಹಾಕಿ" ಅಂದರು. ನಾಲ್ಕು ವಿಡಿಯೊ ಹಾಕಿದೆ. ಐದನೇ ಸಲ ಫೋನೇ ಎತ್ತಲಿಲ್ಲ. ಕೊಳ್ಳುವಾಗ 2.2 ಕಿಲೋವ್ಯಾಟ್ ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟರ್), 24,000 ಆರ್‌ಪಿಎಂ ಅಂತ ಗಂಟೆಗಟ್ಟಲೆ ಹೇಳಿದವರು, ಎರಡೂ ವೈ ಮೋಟರ್‌ಗಳನ್ನು ಒಂದೇ ಸಿಗ್ನಲ್‌ಗೆ ಕಟ್ಟಿಹಾಕಿದೆ ಅನ್ನುವುದನ್ನು ಮಾತ್ರ ಹೇಳಿರಲಿಲ್ಲ. ಹಾಗಿದ್ದರೆ ಎರಡು ಪಕ್ಕವನ್ನು ಬೇರೆಬೇರೆ ಹೋಮ್ ಮಾಡುವ (ಆರಂಭದ ಜಾಗಕ್ಕೆ ತಂದು ನಿಲ್ಲಿಸುವ) ದಾರಿಯೇ ಇಲ್ಲ.

ಮೆಷಿನ್ ನಡೆಸುವ ಬೋರ್ಡ್ ಬದಲಿಸಿ ಫ್ಲೂಯಿಡ್‌ಎನ್‌ಸಿ ಅನ್ನುವ ಸಾಫ್ಟ್‌ವೇರ್ ಹಾಕಿದೆ, ಇನ್ನೊಂದು ಪಕ್ಕಕ್ಕೂ ಲಿಮಿಟ್ ಸ್ವಿಚ್ (ಗ್ಯಾಂಟ್ರಿ ತುದಿ ಮುಟ್ಟಿದ್ದನ್ನು ತಿಳಿಸುವ ಸ್ವಿಚ್) ಕೂರಿಸಿದೆ. ಸ್ಕ್ರೂ ಒಂದು ಸುತ್ತು ತಿರುಗಿದರೆ 5 ಮಿ.ಮೀ., ಮೋಟರ್ ಒಂದು ಸುತ್ತು ತಿರುಗಲು 1600 ಪಲ್ಸ್ (ಬೋರ್ಡ್ ಕಳಿಸುವ ಸಿಗ್ನಲ್). ಹಿಂದಿದ್ದ ಪಕ್ಕವನ್ನು 3 ಮಿ.ಮೀ.ಗೆ 960 ಪಲ್ಸ್ ಹೆಚ್ಚು ಓಡಿಸಿದರೆ ಗ್ಯಾಂಟ್ರಿ ನೇರ. ಕರ್ಣಗಳ ವ್ಯತ್ಯಾಸ 0.2ಕ್ಕೆ ಇಳಿಯಿತು. ಕುಣಿದುಬಿಟ್ಟೆ. ಮರುದಿನ ಆಳದ ಕಟ್ ಕೊಟ್ಟ ಕೂಡಲೇ ಒಂದು ಪಕ್ಕ ಸ್ಟೆಪ್ ತಪ್ಪಿಸಿಕೊಂಡು ಹಲಗೆ ಮತ್ತೆ ಓರೆ. ಫೀಡ್ (ಬಿಟ್ ಮುಂದೆ ಸಾಗುವ ವೇಗ) ಇಳಿಸಿದೆ, ಬಿಟ್ ಬದಲಿಸಿದೆ, ಮೋಟರಿನ ಡ್ರೈವರ್ ಕರೆಂಟ್ ಏರಿಸಿದೆ. ಪ್ರಯೋಜನವಿಲ್ಲ.

ಸುಳಿವು ಕೊಟ್ಟದ್ದು ಒಂದು ಸದ್ದು. ರಾತ್ರಿ ಮೆಷಿನ್ ಆಫ್ ಮಾಡಿದಾಗ 'ಟಕ್' ಅಂದಿತು. ಮೋಟರನ್ನು ಸ್ಕ್ರೂಗೆ ಜೋಡಿಸುವ ಕಪ್ಲಿಂಗ್ ಮೇಲೆ ಮಾರ್ಕರಿನಿಂದ ಗೆರೆ ಎಳೆದು, ಆನ್ ಮಾಡಿ, ಹೋಮ್ ಮಾಡಿ, ಮತ್ತೆ ಆಫ್ ಮಾಡಿದೆ. ಕಪ್ಲಿಂಗ್ ತಾನೇ ತಾನಾಗಿ ಸುಮಾರು ಅರ್ಧ ಸುತ್ತು ಹಿಂದಕ್ಕೆ ತಿರುಗಿತು! ಗ್ಯಾಂಟ್ರಿಯನ್ನು ಓರೆಯಾಗಿಯೇ ಬೋಲ್ಟ್ ಮಾಡಿದ್ದರು. ನಾನು ಮೋಟರಿನಿಂದ ಅದನ್ನು ಬಲವಂತವಾಗಿ ನೆಟ್ಟಗೆ ಹಿಡಿದಿದ್ದೆ. ಮೋಟರಿನ ಶಕ್ತಿ ಮರ ಕೊರೆಯುವುದಕ್ಕಿಂತ ಲೋಹದ ಜೊತೆ ಗುದ್ದಾಡುವುದಕ್ಕೇ ಹೋಗುತ್ತಿತ್ತು.

ಗ್ಯಾಂಟ್ರಿಯ ಅಡ್ಡ ತೊಲೆಯ ಅಗಲ 100 ಮಿ.ಮೀ. ಬೋಲ್ಟ್ ತೂತಿನಲ್ಲಿ 0.25 ಮಿ.ಮೀ. ಸಡಿಲವಿದ್ದರೆ ಸಾಕು, 1200 ಮಿ.ಮೀ. ಆಚೆಯ ತುದಿಯಲ್ಲಿ ಅದು 3 ಮಿ.ಮೀ. ಆಗುತ್ತದೆ. ಮೋಟರ್ ಆನ್ ಇಟ್ಟು, ಗ್ಯಾಂಟ್ರಿ ನೇರ ಇರುವಾಗಲೇ, ತೊಲೆಯ ಎರಡೂ ತುದಿಯ ಬೋಲ್ಟ್ ಸಡಿಲಿಸಿದೆ. ಒಳಗಿನ ಬಿಗಿತವೆಲ್ಲ ಇಳಿದದ್ದು ಕೈಗೇ ತಿಳಿಯಿತು. ಅಡ್ಡಾದಿಡ್ಡಿ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿದು ಆಫ್ ಮಾಡಿದರೆ ಕಪ್ಲಿಂಗ್ ಮೇಲಿನ ಗೆರೆ ಅಲ್ಲಾಡಲಿಲ್ಲ. ಕರ್ಣಗಳ ವ್ಯತ್ಯಾಸ ಈಗ 0.1.

ಅಳೆಯಲು ಟೇಪ್ ನಂಬಬೇಡಿ. ಮರದ ಪಟ್ಟಿಯ ಒಂದು ತುದಿಗೆ ಪಿನ್ ಹಾಕಿ, ಇನ್ನೊಂದು ತುದಿಯಲ್ಲಿ ಎರಡು ಕರ್ಣಕ್ಕೂ ಚಾಕುವಿನಿಂದ ಗೆರೆ ಎಳೆಯಿರಿ. ಗೆರೆಗಳ ನಡುವಿನ ಅಂತರವನ್ನು ಕ್ಯಾಲಿಪರ್‌ನಲ್ಲಿ ಹಿಡಿದರೆ ಮುಗಿಯಿತು.

ಈ ಗಲಾಟೆಯಲ್ಲಿ ಹಲಗೆ ಹಿಡಿದಿಡುವ ಕ್ಲ್ಯಾಂಪ್‌ಗಳ ಮೇಲೂ ಸಿಟ್ಟು ಬಂದಿದೆ. ಮುಂದಿನದು ವ್ಯಾಕ್ಯೂಮ್ ಟೇಬಲ್, ಅಂದರೆ ಕೆಳಗಿನ ಗಾಳಿ ಎಳೆದು ಹಲಗೆಯನ್ನು ಹಿಡಿದಿಡುವ ಮೇಜು. 600 × 400 ಹಲಗೆಯ ಕೆಳಗೆ ಅರ್ಧ ವಾಯುಭಾರದಷ್ಟು ನಿರ್ವಾತ ಸಿಕ್ಕರೂ ಸಾವಿರ ಕಿಲೋ ಮೀರಿದ ಒತ್ತಡ! ಮೇಜಿನ ಮೇಲೆ ಹಾಸುವ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಮೂಲಕ ಗಾಳಿ ಹಾಯುತ್ತದೆ, ಅದರ ಅಂಚುಗಳನ್ನು ಮಾತ್ರ ಸೀಲ್ ಮಾಡಬೇಕು. ಮೇಜನ್ನು ಗಾಳಿ ಎಳೆಯುವ ಜೋನ್‌ಗಳಾಗಿ ಹೇಗೆ ಹಂಚಲಿ ಅಂತ ಚಿತ್ರ ಬರೆಯುತ್ತಿದ್ದೇನೆ.

ಸಣ್ಣ ಉದ್ಯಮಕ್ಕೆ ರೌಟರ್ ಕೊಳ್ಳಲು ಹೊರಟವರು ಸ್ಪಿಂಡಲ್ ವಿಚಾರ ಆಮೇಲೆ ಕೇಳಿ. ಮೊದಲು ನಿಮ್ಮೆದುರೇ ದೊಡ್ಡ ಆಯತ ಕೊರೆಸಿ ಕರ್ಣ ಅಳೆಯಿರಿ. ಆಮೇಲೆ ಪವರ್ ತೆಗೆಸಿ, ಕಪ್ಲಿಂಗ್ ನೋಡಿ.

ನಾಳೆ ಬೆಳಿಗ್ಗೆ ಕಪಾಟಿನ ಎಂಟೂ ಹಲಗೆ ಹೊಸದಾಗಿ ಕೊರೆಯುತ್ತೇನೆ. ಹೊಸ ಕಂಪ್ರೆಷನ್ ಬಿಟ್ (ಹಲಗೆಯ ಎರಡೂ ಮೇಲ್ಮೈ ಸೀಳದಂತೆ ಕೊರೆಯುವ ಬಿಟ್) ಈಗಾಗಲೇ ಕಾಲೆಟ್‌ನಲ್ಲಿದೆ (ಸ್ಪಿಂಡಲ್‌ನ ಹಿಡಿಕೆಯಲ್ಲಿ).